ಐದು ನಿಮಿಷದ ಹೊಗೆ

"ಏಯ್ ಮುದುಕಿ, ಪೊರಕೆ ಆಚೆ ಬಿಸಾಕು. ದೊಡ್ಡೋರು ಕೂತಿದ್ದಾರೆ. ಮೈ ನಾತ ಹೊಡೀತಿದೆ, ಹಿಂದೆ ಸರಿ," ಎಂದ ಮೇಸ್ತ್ರಿ.

ಸರಿದೆ. ಪೊರಕೆ ಬಿಡಲಿಲ್ಲ. ಮೂವತ್ತೊಂದು ವರ್ಷ ಇವರ ಬೀದಿ ಗುಡಿಸಿದ ಕೈ.

ನಮ್ಮ ಕೇರಿಯ ತುದಿಯಲ್ಲೇ ಶಾಮಿಯಾನ ಹಾಕಿ ಪುರಸಭೆಯವರು ಸಭೆ ಕರೆದಿದ್ದರು. ಇಂಜಿನಿಯರ್ ನಕ್ಷೆ ಬಿಡಿಸಿ ತೋರಿಸಿದ. ಬಂಗಲೆಗಳ ಕಡೆ ವಾಕಿಂಗ್ ಪಾರ್ಕು, ನಮ್ಮ ಕಡೆ ಕಸ ಸುಡುವ ಘಟಕ. "ಇಡೀ ಊರಿನ ಆರೋಗ್ಯಕ್ಕೆ," ಎಂದ. ಹಿಂದಿನ ಬಯಲಿನಲ್ಲಿ ಆಗಲೇ ಕೆಂಪು ಗೂಟ ಹೊಡೆದಾಗಿತ್ತು.

"ಸಾರ್, ನನ್ನ ಮೊಮ್ಮಗಳು ಗೋಡೆಗೆ ಒರಗಿ ಕೂತೇ ನಿದ್ದೆ ಮಾಡ್ತಾಳೆ. ಮಲಗಿದ್ರೆ ಉಸಿರು ಕಟ್ಟುತ್ತೆ. ಯಾರೋ ಒಂದು ಟಯರ್ ಸುಟ್ಟರೇ ಹೀಗೆ, ಇನ್ನು ದಿನಾ ಸುಟ್ಟರೆ ಸತ್ತೇಹೋಗ್ತಾಳೆ. ಇಂಥೋರು ಕೇರೀಲಿ ಎಷ್ಟು ಜನ ಅಂತ ಕೇಳಿದ್ರಾ?" ಎಂದೆ.

"ಅದು ಆರೋಗ್ಯ ಇಲಾಖೆಯವರಿಗೆ ಬರುತ್ತಮ್ಮ, ನಮಗಲ್ಲ. ಗಾಳಿ ಬೀಸೋದು ಗುಡ್ಡದ ಕಡೆಗೆ. ಹೊಗೆ ಇತ್ತ ಬರೋದೇ ಇಲ್ಲ," ಎಂದ ಇಂಜಿನಿಯರ್.

ಪಕ್ಕದ ಮನೆಯ ಗುಡುಗಮ್ಮನಿಗೆ ನಗು ತಡೆಯಲಿಲ್ಲ. ಅವಳ ಗಂಟಲು ನೋಡಿ ನಾವಿಟ್ಟ ಹೆಸರು ಅದು. "ಗಾಳಿಗೂ ಇವ್ರೇ ಆರ್ಡರ್ ಕೊಟ್ಟಿದ್ದಾರಂತೆ ಕಣಕ್ಕಾ!"

"ಬಾಯ್ಮುಚ್ಚೇ ಲೌಡಿ!" ಮೇಸ್ತ್ರಿ ಗದರಿದ.

ಗಾಳಿಗೆ ಎದುರಾಗಿ ಗುಡಿಸಿದರೆ ಧೂಳೆಲ್ಲ ಗುಡಿಸುವವಳ ಮುಖಕ್ಕೇ. ಅದಕ್ಕೇ ಮೊದಲು ಒಂದು ಹಿಡಿ ಮಣ್ಣು ತೂರಿ ನೋಡುತ್ತೇವೆ. ಹತ್ತು ಗಂಟೆ ದಾಟಿದರೆ ಗಾಳಿ ಬಯಲಿನಿಂದ ಕೇರಿಗೆ ತಿರುಗುತ್ತದೆ. ನಕ್ಷೆಯಲ್ಲಿ ಬಾಣ ಬೇರೆ ಕಡೆಗಿತ್ತು.

ಪುರಸಭೆ ಅಧ್ಯಕ್ಷರು ಗಡಿಯಾರ ನೋಡಿಕೊಂಡರು. ಹತ್ತು ದಾಟಿತ್ತು. "ವಿರೋಧ ಇಲ್ಲ ಅಂತ ಬರ್ಕೊಳ್ರಿ."

ನಾನು ಗುಡುಗಮ್ಮನತ್ತ ತಲೆಯಾಡಿಸಿದೆ. ಅವಳು ಬಯಲಿಗೆ ನಡೆದಳು. ಗೂಟಗಳ ನಡುವೆ ಬೆಳಿಗ್ಗೆಯೇ ಒಂದು ಗಾಡಿ ಕಸ ಸುರಿದಿದ್ದೆವು. ಪ್ಲಾಸ್ಟಿಕ್ಕು, ಒದ್ದೆ ಬಟ್ಟೆ, ಹಳೇ ಚಪ್ಪಲಿ. ಅದಕ್ಕೆ ಕಡ್ಡಿ ಗೀರಿದಳು.

ಹೊಗೆ ನೆಟ್ಟಗೆ ಶಾಮಿಯಾನದೊಳಗೆ ಬಂತು. ಇಂಜಿನಿಯರ್ ಕರವಸ್ತ್ರ ತೆಗೆದ. ಅಧ್ಯಕ್ಷರು ಕೆಮ್ಮುತ್ತಾ ಎದ್ದು ಕಾರಿಗೆ ಓಡಿದರು. ಕೇರಿಗಿರುವುದು ಒಂದೇ ದಾರಿ. ಅದಕ್ಕೆ ಅಡ್ಡವಾಗಿ ನಮ್ಮ ಹದಿನೇಳು ಕಸದ ಗಾಡಿ. ಒಂದೊಂದರ ಮೇಲೂ ಒಬ್ಬೊಬ್ಬಳು ಹೆಂಗಸು.

"ಆರಿಸ್ರೇ ಸೂಳೆಮುಂಡೇರಾ!" ಮೇಸ್ತ್ರಿ ಕಿರುಚಿದ.

"ಐದು ನಿಮಿಷ ಕೂತ್ಕೊಳ್ಳಿ ಸಾರ್," ಎಂದೆ ಅಧ್ಯಕ್ಷರಿಗೆ. ನನಗೂ ಕಣ್ಣು ಉರಿಯುತ್ತಿತ್ತು. "ಉಬ್ಬಸ ಇರೋರನ್ನೆಲ್ಲ ಇವತ್ತೊಂದು ದಿನ ಬೇರೆ ಕಡೆ ಕಳ್ಸಿದ್ದೀವಿ. ದಿನಾ ಎಲ್ಲಿಗೆ ಕಳಿಸೋದು? ಅದನ್ನೂ ಬರ್ಕೊಳ್ಳಿ."

ಯಾರೂ ಬರೆಯಲಿಲ್ಲ. ಮೇಸ್ತ್ರಿ ಶಾಮಿಯಾನದ ಗಳು ಕಿತ್ತುಕೊಂಡು ಗಾಡಿಗಳತ್ತ ನುಗ್ಗಿದ. ಒಬ್ಬಳೂ ಇಳಿಯಲಿಲ್ಲ.

ಬಯಲಿನಲ್ಲಿ ಗುಡುಗಮ್ಮ ಎರಡನೇ ಗಾಡಿ ಸುರಿದ ಸದ್ದು ಕೇಳಿತು.