ಒಂದೇ ಸಲ ಬಂದ ಕೂಗು

ಮಂಜು, ಹೊಳೆಯ ಮೈಯಿಂದ ಎದ್ದು ಕೋಡಿ ರಸ್ತೆಗೆ ಹತ್ತಿದ ಮಂಜು, ಈ ಮಾಗಿಯ ಭಾನುವಾರ ಬೆಳಿಗ್ಗೆ ತೆಂಗಿನ ಮರಗಳ ಬುಡ ಮಾತ್ರ ಉಳಿಸಿ ತಲೆಗಳನ್ನೆಲ್ಲ ನುಂಗಿಕೊಂಡಿದೆ, ಮುಂದೆ ಓಡಿದವರನ್ನೂ ನುಂಗಿತು — ಈಗಷ್ಟೇ ಸರ್ಕಲ್ಲಿನಲ್ಲಿ ಓಟಕ್ಕೆ ಸೀಟಿ ಊದಿದಾಗ ಎಷ್ಟೊಂದು ಜನ, ಎಲ್ಲರ ಮೈಮೇಲೂ ಒಂದೇ ಬಿಳಿ ಅಂಗಿ, ಎದೆಯ ಮೇಲೆ ದ್ವೇಷ ಬೇಡ ಒಟ್ಟಿಗೆ ನಡೆಯುವ ಅಂತ ಹಸಿರು ಅಕ್ಷರ — ಬಿಳಿ ಹೋಗಿ ಬಿಳಿಯಲ್ಲಿ ಸೇರಿತು, ಬೂಟಿನ ಸದ್ದೂ ದೂರವಾಯಿತು, ಈಗ ಸೀತುವಿಗೆ ಕೇಳುವುದು ತನ್ನ ಚಪ್ಪಲಿಯ ಪಟಪಟ, ಪಕ್ಕದಲ್ಲಿ ಇನ್ನೊಂದು ಚಪ್ಪಲಿಯ ಪಟಪಟ, ತಿರುಗಿ ನೋಡದಿದ್ದರೂ ಗೊತ್ತು, ಅದು ಖೈರುವಿನದು, ಬುರ್ಖಾದ ಮೇಲೆ ಅದೇ ಬಿಳಿ ಅಂಗಿ ಹಾಕಿಕೊಂಡವಳು, ಸೀರೆಯ ಮೇಲೆ ಹಾಕಿಕೊಂಡ ತನಗಿಂತ ಚಂದ ಕಾಣುವಳು, ಅಂಗಿ ಹಂಚುತ್ತಿದ್ದ ಶೇಖರ ನಗಾಡಿದ್ದ, ಸೀತಕ್ಕ ನಿಮ್ಗ್ ಒಳ್ಳೆ ಒಪ್ತ್ ಕಾಣಿ, ನಾಳೆ ನಟ್ಟಿಗೂ ಇದನ್ನೇ ಹಾಯ್ಕಂಡ್ ಹೋಯ್ನಿ, ಕೊಕ್ಕರೆ ಹೆದ್ರತ್ತೊ, ಸೇರ್ಕಂತ್ತೊ ಕಾಂಬ, ಎಲ್ಲರೂ ನಕ್ಕರು, ಖೈರುವೂ ನಕ್ಕಳು, ಸೀತುವನ್ನು ನೋಡಿ ಅರ್ಧಕ್ಕೇ ನಿಲ್ಲಿಸಿದಳು, ತುಟಿ ಮುಚ್ಚಿದಳು, ಆ ಮುಚ್ಚಿದ ತುಟಿ, ಅದನ್ನೇ ಅಲ್ಲವೆ ಇಷ್ಟು ದಿನ ಊರೆಲ್ಲ ಆಡಿದ್ದು, ಗಣಪ ಹೊಳೆಯ ಮೇಲಿಂದ ಕೂಗಿದಾಗ ದೋಣಿ ನಿಲ್ಲುವ ಕಡವಿನಲ್ಲಿ ಬ್ಯಾಟರಿ ಹಿಡಿದು ನಿಂತವಳ ಮುಚ್ಚಿದ ಬಾಯಿ.

ಗಣಪ ಸೀತುವಿನ ಗಂಡ, ಹೊಳೆ ನಡುವಿನ ಕುದ್ರುವಿನಿಂದ ಬಸಳೆ, ತೊಂಡೆ ದೋಣಿಗೆ ಹಾಕಿಕೊಂಡು ಬೆಳಕು ಹರಿಯುವ ಮೊದಲು ಸಂತೆಗೆ ಹೊರಟವನು, ದೀಪಾವಳಿ ಕಳೆದ ಮೇಲೆ ಒಂದು ದಿನ, ಹೀಗೇ ಮಂಜು, ದಿಕ್ಕು ತಪ್ಪಿ ಅಳಿವೆಯ ಸೆಳೆತಕ್ಕೆ ಸಿಕ್ಕ, ದೋಣಿ ಒಂದು ಕಡೆ ಸಿಕ್ಕಿತು ಅವನು ಇನ್ನೊಂದು ಕಡೆ — ಎಂಥ ಚಳಿ ಇರಬಹುದು ಆ ನೀರಿನಲ್ಲಿ, ಬೊಬ್ಬರ್ಯನೇ, ನೀರು ಕಾಯುವವನೇ, ಎರಡು ಕುಲದ ನೆತ್ತರಲ್ಲಿ ಹುಟ್ಟಿದವನು ಅಂತ ಅಜ್ಜಿ ನಿನ್ನ ಕಥೆ ಹೇಳುತ್ತಿದ್ದಳಲ್ಲ, ನಿನಗೆ ವರ್ಷವೂ ಕಾಯಿ ಇಟ್ಟವನಲ್ಲವೆ ಅವನು — ಆಮೇಲೆ ಮೂರನೇ ದಿನ ಖೈರು ಅಂಗಳದಲ್ಲಿ ನಿಂತು ತಾನೇ ಹೇಳಿದಳು, ಯಾರೂ ಕೇಳಿರಲಿಲ್ಲ, ಒಂದ್ ಕೂಗ್ ಕೇಂಡೆ ಸೀತಕ್ಕ, ಒಂದೇ, ಓ ಅಂಬುಕೆ ಬಾಯಿ ಏಳ್ಲಿಲ್ಲ, ಇನ್ನೊಂದ್ ಸಲ ಕೂಗ್ತ್ರಾ ಅಂದೇಳಿ ಕಾದೆ, ಅತ್ತಳು, ಸೇರಿದ ಜನರ ನಡುವೆ ನಿಂತಿದ್ದ ಯತೀಶ, ಗಣಪನ ತಂಗಿಯ ಮಗ, ಆ ಮಾತನ್ನು ಹಿಡಿದುಕೊಂಡ, ಮೊಬೈಲಿಗೆ ಹಾಕಿದ, ನಮ್ಮೋರ್ ಮುಳುಗೂದ್ ಕೇಂಡೂ ಬಾಯಿ ಮುಚ್ಕಂಡ್ಳ್ ಅಂತ, ಬೈಂದೂರಿನಿಂದ ಬ್ರಹ್ಮಾವರದವರೆಗೆ ಹೋಯಿತು ಆ ಮಾತು, ಕಡವಿನಲ್ಲಿ ಖೈರುವಿನ ಚಾ ಅಂಗಡಿಯ ಹಂಚು ಕಲ್ಲೇಟಿಗೆ ಒಡೆಯಿತು, ಗಣಪನಿಗೆ ದಿನಾ ಮೊದಲ ಚಾ ಕೊಡುತ್ತಿದ್ದ ಅಂಗಡಿ.

ಹೊತ್ತಲ್ಲದ ಹೊತ್ತಿನಲ್ಲಿ ಒಂದೇ ಸಲ ಕೂಗಿದರೆ ಓಗೊಡಬಾರದು, ಮನುಷ್ಯರಾದರೆ ಮೂರು ಸಲ ಕೂಗುತ್ತಾರೆ, ಅದಾದರೆ, ಸತ್ತದ್ದಾದರೆ, ಒಂದೇ ಸಲ, ಓ ಅಂದವರ ಉಸಿರು ಅದರ ಹಿಂದೆಯೇ ಹೋಗುತ್ತದೆ — ಇದು ಸೀತುವಿಗೆ ಗೊತ್ತಿಲ್ಲದ್ದೇನಲ್ಲ, ಹಾಲು ಕುಡಿಯುವಾಗಲೇ ಕೇಳಿದ್ದು, ಮಗಳು ವಿಜೇತಾಗೆ ತಾನೇ ಕಲಿಸಿದ್ದು, ಆದರೆ ಯತೀಶ ಅಂದ, ಅತ್ತಿ, ಅದ್ ನಮ್ಮೋರ್ ನಂಬಿಕೆ, ಅವ್ಳಿಗೆಂತ ಗೊತ್ತ್, ಬರೀ ನೆಪ, ಓಟ ಮುಗುದ್ ಮೇಲೆ ತೀರದಲ್ಲ್ ಮೈಕ್ ಕೊಡ್ತ್ರ್ ಅಲ್ದಾ, ಇದ್ದದ್ದ್ ಇದ್ದಾಂಗೆ ಹೇಳಿ, ಕೇಂಡೂ ಓ ಅನ್ಲಿಲ್ಲ ಅಂದೇಳಿ, ಅಷ್ಟೇ ಸಾಕ್. ವಿಜೇತಾ ಅಂದಳು, ಅಮ್ಮಾ, ನೀನ್ ಎಂತದೂ ಹೇಳುದ್ ಬ್ಯಾಡ, ಖೈರಕ್ಕನ ಕೈ ಹಿಡ್ಕಂಡ್ ನಿಂತ್ರೆ ಸಾಕ್. ಇಬ್ಬರದ್ದೂ ಒಂದೊಂದು ಸಾಕು, ತನಗೆ ಯಾವುದೂ ಸಾಕಾಗುವುದಿಲ್ಲ, ಅಂಗಿಗೆ ಎಲ್ಲರೂ ಕೊಟ್ಟ ದುಡ್ಡು ಕುದ್ರು ಜನರಿಗೆ ತೇಲುವ ಜಾಕೆಟು ತರುವುದಕ್ಕಂತೆ, ತರಲಿ, ಒಳ್ಳೆಯದೇ, ಆದರೆ ತೀರ ಬಂದ ಕೂಡಲೇ ಎಲ್ಲರೂ ತನ್ನ ಬಾಯಿ ನೋಡುತ್ತಾರೆ, ತನ್ನ ಒಂದು ಮಾತಿಗೆ ಖೈರು ಕಡವಿನಲ್ಲಿ ಉಳಿಯಬೇಕು ಅಥವಾ ಗಂಟು ಕಟ್ಟಬೇಕು — ಹೆದರಿ ಸುಮ್ಮನಿದ್ದಳೊ, ಬೇಡವೆಂದು ಸುಮ್ಮನಿದ್ದಳೊ, ಅದು ಹೇಗೆ ಗೊತ್ತಾಗುವುದು ದೇವರೇ, ನಾನಾಗಿದ್ದರೆ, ಸೀತು ಅಂದುಕೊಳ್ಳುತ್ತಾಳೆ, ರಾತ್ರಿಯೆಲ್ಲ ಅದನ್ನೇ ಅಂದುಕೊಂಡಿದ್ದಾಳೆ, ನಾನಾಗಿದ್ದರೆ ಒಂದೇ ಕೂಗಿಗೆ ಓ ಅನ್ನುತ್ತಿದ್ದೆ, ಎಂಥ ಮಂಜಿದ್ದರೂ ಅವನ ಸ್ವರ ನನಗೆ ಗುರುತು ಸಿಗುತ್ತಿತ್ತು.

ಚಪ್ಪಲಿ ಪಟಪಟ, ಪಟಪಟ — ನಡುವೆ ಇದೆಂತ, ಬರಿಗಾಲು, ಒದ್ದೆ ಬರಿಗಾಲು ಟಾರಿನ ಮೇಲೆ ಹೆಜ್ಜೆ ಇಟ್ಟ ಹಾಗೆ, ಹಿಂದೆ ಬರುವವರು ಯಾರೂ ಇಲ್ಲ, ಸೀತು ನಿಂತರೆ ಅದೂ ನಿಂತಿತು, ನಡೆದರೆ ಅದೂ ನಡೆಯಿತು, ಮಂಜಿನೊಳಗೆ ಬಸಳೆ ಸೊಪ್ಪಿನ ಹಸಿ ವಾಸನೆ, ಇಲ್ಲ, ಹೊಳೆಯ ಕೆಸರಿನದ್ದು, ಅಲ್ಲ, ಬಸಳೆಯದೇ, ಈಗ ಹೆಜ್ಜೆ ರಸ್ತೆ ಬಿಟ್ಟು ಹೊಳೆಯ ಬದಿಗೆ ಇಳಿಯಿತು, ನೀರು ಮೆಲ್ಲಗೆ ಒಂದು ಸಲ ಚಳಕ್ ಅಂದಿತು, ಆಮೇಲೆ ಅಲ್ಲಿಂದ, ಬಿಳಿಯ ನಡುವಿನಿಂದ, ಹ್ವಾಯ್.

ಒಂದೇ ಸಲ. ಅವನದೇ, ಹ್ವಾ ಎಳೆದು ಯ್ ಕಡಿದ ರೀತಿ, ಇಷ್ಟು ವರ್ಷ ಅಂಗಳದಿಂದ ಕೇಳಿದ ಕೂಗು, ಗುರುತು ಸಿಕ್ಕಿತು, ತಡವೇ ಆಗಲಿಲ್ಲ — ಓ ಅನ್ನು ಸೀತೂ, ಓ ಅನ್ನು, ನಾಲಗೆ ಮೇಲಕ್ಕೆ ಅಂಟಿದೆ, ಹಲ್ಲಿಗೆ ಹಲ್ಲು ಕೂತಿದೆ, ಅಜ್ಜಿಯ ಕೈ ಎಲ್ಲಿಂದಲೋ ಬಂದು ಬಾಯಿ ಮುಚ್ಚಿದ ಹಾಗೆ, ಇನ್ನೊಂದು ಸಲ ಕೂಗು ಮಾರಾಯ, ಎರಡನೇದು ಕೂಗು, ಕಾಯುತ್ತಿದ್ದೇನೆ, ಕೂಗು — ನಿನ್ನ ಹೆಂಡತಿಯೇ ಕಾಯುತ್ತಿದ್ದೇನೆ, ಯತೀಶಾ, ಕೇಳಿದೆಯಾ ಮಗಾ, ನನ್ನ ಬಾಯಿಯೂ ಏಳಲಿಲ್ಲ, ನನ್ನದೂ — ಪಕ್ಕದ ಚಪ್ಪಲಿಯೂ ನಿಂತಿದೆ, ಖೈರುವಿಗೂ ಕೇಳಿದೆ, ತುಟಿ ಬಿಗಿದಿದೆ, ಕಡವಿನಲ್ಲಿ ಹೀಗೇ ನಿಂತಿದ್ದಳು, ಹೀಗೇ, ಇದನ್ನೇ ಊರು ನೋಡದೆ ಆಡಿದ್ದು, ಈಗ ಅವಳು ಸೀತುವಿನ ಮುಖ ನೋಡಿದಳು, ಸೀತುವಿನ ಮುಚ್ಚಿದ ಬಾಯಿ ನೋಡಿದಳು, ಚಪ್ಪಲಿ ಬಿಟ್ಟು ರಸ್ತೆಯ ಅಂಚು ಇಳಿದಳು, ಕೆಸರಿಗೆ, ನೀರಿನ ಹತ್ತಿರಕ್ಕೆ, ಬ್ಯಾಡ ಖೈರು, ಉಸಿರು ಹೋತ್ತ್ ಹೆಣೆ, ಅನ್ನಬೇಕು ಸೀತುವಿಗೆ, ಅದನ್ನೂ ಅನ್ನಲಾಗುವುದಿಲ್ಲ — ಖೈರು ಎರಡು ಕೈ ಬಾಯಿಯ ಸುತ್ತ ಹಿಡಿದಳು, ಜೋರಾಗಿ ಅಲ್ಲ, ಪಕ್ಕದ ಮನೆಯವರಿಗೆ ಹೇಳುವ ಹಾಗೆ, ಓ, ಗಣಪಣ್ಣಾ, ಕಡವು ಇಲ್ಲಿತ್ತ್, ಹೀಂಗ್ ಬನಿ, ಅಂದಳು, ಅಂದು ಹಾಗೆಯೇ ನಿಂತಳು, ಹೊಳೆ ಅಲುಗಲಿಲ್ಲ, ಮತ್ತೆ ಕೂಗು ಬರಲಿಲ್ಲ, ತೀರದ ಮೈಕಿನಲ್ಲಿ ಯಾರೋ ಸೀತಕ್ಕ ಸೀತಕ್ಕ ಅನ್ನುತ್ತಿದ್ದಾರೆ, ಅದು ಬಹಳ ದೂರ, ಇಲ್ಲಿ ಖೈರುವಿನ ಬಾಯಿ, ಇನ್ನೂ ಮುಚ್ಚದ ಬಾಯಿ, ಮಂಜು ಒಳಗೆ ಹೋಗುತ್ತಿರುವ, ಉಸಿರು ಹೊರಗೆ ಬರುತ್ತಿರುವ, ತೆರೆದ ಬಾಯಿ —