ದೋಣಿಯವರೇ, ನೀವೂ ಹುಷಾರು

ಹುಟ್ಟಿದಾಗ ಇಟ್ಟ ಹೆಸರು ಚೆನ್ನಾಗಿಯೇ ಇದ್ದರೂ ಕಚೇರಿಯಲ್ಲಿ ಅವಳನ್ನು ಎಲ್ಲರೂ ಪುಟ್ಟಿ ಎನ್ನುತ್ತಿದ್ದರು. ತಪ್ಪು ಅಮ್ಮನದು. ನೆರೆಯಲ್ಲಿ ಸಿಕ್ಕಿಬಿದ್ದವರು ಫೋನ್ ಮಾಡಿ ಹೇಳಿದ್ದನ್ನು ಅಕ್ಷರಕ್ಕಿಳಿಸಿ ಹತ್ತಿರದ ದೋಣಿಯವರಿಗೆ ಮುಟ್ಟಿಸುವ ಯಂತ್ರವೊಂದನ್ನು ಅವಳೂ ಇಬ್ಬರು ಗೆಳೆಯರೂ ಸೇರಿ ಕಟ್ಟುತ್ತಿದ್ದರು. ಯಂತ್ರಕ್ಕೆ ಮಾತು ಕಲಿಸಲು ಯಾರಾದರೂ ಬೇಕಲ್ಲ? ಪುಕ್ಕಟೆಗೆ ಸಿಕ್ಕವಳು ಅಮ್ಮ. ಬೇಸಿಗೆಯಿಡೀ ಅವಳು ಅಡುಗೆಮನೆಯಲ್ಲಿ ಕೂತೇ ಸುಳ್ಳು ನೆರೆಯಲ್ಲಿ ಮುಳುಗಿದಳು, ಆ ಧ್ವನಿಮುದ್ರಣಗಳನ್ನು ಕಚೇರಿಯವರೆಲ್ಲ ಕೇಳಿದರು.

"ಪುಟ್ಟೀ, ತಾರಸಿ ಮೇಲಿದೀನಿ, ನೀರು ಏರ್ತಾ ಇದೆ."

"ಅಮ್ಮಾ, ನನಗಲ್ಲ. ದೋಣಿಯವರಿಗೆ ಹೇಳ್ಬೇಕು."

"ಹೌದಲ್ಲ. ಅವರೂ ಪಾಪ ನೀರಲ್ಲೇ ಇರ್ತಾರೆ," ಎಂದ ಅಮ್ಮ ಅಂದಿನಿಂದ ಪ್ರತಿ ಸಲವೂ ಕೊನೆಗೆ ಒಂದು ಮಾತು ಸೇರಿಸಿದಳು. "ದೋಣಿಯವರೇ, ನೀವೂ ಹುಷಾರು."

ಯಂತ್ರಕ್ಕೆ ಅರ್ಥವಾಗದ ಕರೆ ಮನುಷ್ಯರೊಬ್ಬರ ಫೋನಿಗೆ ತಿರುಗಬೇಕಿತ್ತು. ಪರೀಕ್ಷೆಗೆಂದು ಪುಟ್ಟಿ ಅಲ್ಲಿ ಅಮ್ಮನ ನಂಬರು ಹಾಕಿದ್ದಳು. ಊರಲ್ಲಿ ಯಾರು ಎತ್ತದಿದ್ದರೂ ಅಮ್ಮ ಎತ್ತುತ್ತಾಳೆ. ಕಚೇರಿಯ ನಂಬರನ್ನು ಆಮೇಲೆ ಹಾಕಿದರಾಯಿತು ಎಂದುಕೊಂಡಳು. ಈ ಕಸುಬಿನವರ "ಆಮೇಲೆ" ಎಂಥದ್ದೆಂದು ದೇವರಿಗೇ ಗೊತ್ತು.

ನದಿ ಯಾರ ಆಮೇಲೆಗೂ ಕಾಯಲಿಲ್ಲ. ಬೆಳಗಾಗುವಷ್ಟರಲ್ಲಿ ತಗ್ಗಿನ ಬೀದಿಗಳೆಲ್ಲ ನೀರಾಗಿದ್ದವು. ಹಿಂದಿನ ಸಂಜೆಯೇ ಕಚೇರಿ ಸೇರಿದ್ದ ಪುಟ್ಟಿ ಮನೆಗೆ ಒಂದು ಫೋನೂ ಮಾಡಿರಲಿಲ್ಲ. ಪರದೆಯ ಮೇಲೆ ಸಂದೇಶಗಳು ಒಂದರ ಹಿಂದೆ ಒಂದು ಬರುತ್ತಿದ್ದವು, ದೋಣಿಗಳು ಹೊರಡುತ್ತಿದ್ದವು. ಮೇಜಿನ ಮೇಲಿದ್ದ ಕಚೇರಿಯ ಫೋನು ಮಾತ್ರ ಉಸಿರೆತ್ತಲಿಲ್ಲ.

"ಒಂದು ಕರೆನೂ ಈ ಕಡೆ ತಿರುಗಿಲ್ಲ," ಎಂದ, ಕನ್ನಡಕ ಎಂದೇ ಎಲ್ಲರೂ ಕರೆಯುವ ಗೆಳೆಯ. "ನಮ್ಮ ಯಂತ್ರಕ್ಕೆ ಎಲ್ಲಾ ಅರ್ಥ ಆಗ್ತಿದೆ ಕಣೇ."

ಪುಟ್ಟಿಯೂ ಉಬ್ಬಿದಳು. ಅಷ್ಟರಲ್ಲಿ ಒಂದು ಸಂದೇಶ ಕಣ್ಣಿಗೆ ಬಿತ್ತು. "ಅಜ್ಜನಿಗೆ ನಡೆಯೋಕಾಗಲ್ಲ, ಎತ್ಕೋಬೇಕು. ಹಿಂಬಾಗಿಲ ಕಡೆ ಬನ್ನಿ. ದೋಣಿಯವರೇ, ನೀವೂ ಹುಷಾರು." ಅದರ ಕೆಳಗಿನದ್ದಕ್ಕೂ ಅದೇ ಕೊನೆ. ಕುತ್ತಿಗೆವರೆಗೆ ನೀರು ಬಂದವರು ದೋಣಿಯವರ ಯೋಗಕ್ಷೇಮ ವಿಚಾರಿಸುತ್ತಾರೆಯೇ? ಇದು ಅಮ್ಮನ ಮಾತು. ಯಂತ್ರದ ಸೆಟ್ಟಿಂಗ್ ತೆರೆದು ನೋಡಿದರೆ, ಅರ್ಥವಾಗದ ಕರೆಗಳ ಮುಂದೆ ಅಮ್ಮನ ನಂಬರು ಹಾಯಾಗಿ ಕೂತಿತ್ತು.

ನಂಬರು ಬದಲಿಸಿ, ಕನ್ನಡಕನನ್ನು ಕಚೇರಿಯ ಫೋನಿನ ಮುಂದೆ ಕೂರಿಸಿ, ಅವಳು ಮನೆಗೆ ಓಡಿದಳು. ಎಷ್ಟು ಕರೆ ಬಂದವೋ, ಅಮ್ಮನಿಗೆ ತಿಳಿಯದೆ ಎಷ್ಟು ಕೈತಪ್ಪಿ ಹೋದವೋ ಎಂದು ದಾರಿಯುದ್ದಕ್ಕೂ ಜೀವ ಕೈಯಲ್ಲಿ ಹಿಡಿದಿದ್ದಳು.

ಅಡುಗೆಮನೆಯ ಸ್ಟೂಲಿನ ಮೇಲೆ ಅಮ್ಮ ಒಂದು ಕಿವಿಗೆ ತನ್ನ ಫೋನು, ಇನ್ನೊಂದು ಕೈಯಲ್ಲಿ ಚಿಕ್ಕಮ್ಮನ ಫೋನು ಹಿಡಿದು ಕೂತಿದ್ದಳು.

"ಬೆಳಗ್ಗೆಯಿಂದ ಹಲ್ಲೂ ಉಜ್ಜಿಲ್ಲ ನಿಮ್ಮಮ್ಮ," ಎಂದಳು ಚಿಕ್ಕಮ್ಮ. "ಅಳೋರು, ತೊದಲೋರು, ಹಲ್ಲಿಲ್ಲದೋರು, ಎಲ್ಲಾ ಇವಳಿಗೇ ಫೋನ್ ಮಾಡ್ತಿದಾರೆ. ಇವಳು ಸಮಾಧಾನ ಮಾಡಿ, ಎಲ್ಲಾ ಕೇಳ್ಕೊಂಡು, ನನ್ನ ಫೋನಿಂದ ನಿನ್ನ ಯಂತ್ರಕ್ಕೆ ಬಿಡಿಸಿ ಹೇಳ್ತಾಳೆ. ಅದಕ್ಕೆ ಇವಳ ಮಾತು ಚೆನ್ನಾಗಿ ತಿಳಿಯುತ್ತಲ್ಲ. ದೋಣಿ ಬರೋ ತನಕ ಯಾರನ್ನೂ ಬಿಟ್ಟಿಲ್ಲ."

ಆದರೆ ಈಗ ಅಮ್ಮನ ಗಂಟಲು ಕಟ್ಟಿಹೋಗಿತ್ತು. "ಅರ್ಥವಾಗಲಿಲ್ಲ, ಮತ್ತೆ ಹೇಳಿ," ಎಂದು ಯಂತ್ರ ತನ್ನ ಗುರುವಿಗೇ ಹೇಳುತ್ತಿತ್ತು. ಇನ್ನೊಂದು ಫೋನಿನಲ್ಲಿ ಒಬ್ಬಳು ಹುಡುಗಿ ಬಿಕ್ಕುತ್ತಿದ್ದಳು. ಅಮ್ಮ ಕಣ್ಣು ತುಂಬಿಕೊಂಡು ಚಿಕ್ಕಮ್ಮನ ಫೋನನ್ನು ಮಗಳ ಕೈಗೆ ತುರುಕಿ, ಕಿವಿಯಲ್ಲಿ ಪಿಸುಗುಟ್ಟಿದಳು. ಸದಾ ಮಾತು ನುಂಗುವ ಪುಟ್ಟಿ, ಅಮ್ಮ ಹೇಳುತ್ತಿದ್ದ ಹಾಗೆಯೇ ಒಂದೊಂದೇ ಪದ ಬಿಡಿಸಿ ಹೇಳಿದಳು. "ನೀಲಿ ಗೇಟಿನ ಮನೆ. ಮಹಡಿ ಮೇಲೆ ತಾಯಿ, ಮಗಳು, ಕೈಗೂಸು."

ಅಮ್ಮ ಅವಳ ತೋಳು ಜಗ್ಗಿದಳು.

"ದೋಣಿಯವರೇ, ನೀವೂ ಹುಷಾರು," ಎಂದು ಪುಟ್ಟಿ ಸೇರಿಸಿದಳು.

ಸಂದೇಶ ಹೋಯಿತು. ಆಮೇಲೆ ಹುಡುಗಿಯ ಜೊತೆ ಮಾತಾಡುತ್ತಾ ಕಾಯುವುದು ಪುಟ್ಟಿಯ ಪಾಲಿಗೆ ಬಂತು. ಶಾಲೆಯ ಮಾತು, ಪಾಪುವಿನ ಮಾತು, ಏನೇನೋ ಮಾತು. ಕೊನೆಗೆ ಆ ಕಡೆಯಿಂದ, "ಅಕ್ಕಾ, ದೋಣಿ ಬಂತು," ಎಂದಿತು ದನಿ. ಮೂವರೂ ಅತ್ತರು. ಚಿಕ್ಕಮ್ಮ ಎಲ್ಲರಿಗಿಂತ ಜೋರಾಗಿ ಅತ್ತಳು.

ನೀರು ಇಳಿಯಿತು. ಅಮ್ಮನ ಫೋನಿಗೆ ಕರೆ ಮಾಡಿದವರೆಲ್ಲ ದಡ ಸೇರಿದ್ದರು. ಕನ್ನಡಕ ಫೋನ್ ಮಾಡಿದ. "ದೋಣಿಯವರು ಕೇಳ್ತಿದಾರೆ ಕಣೇ, ನಮಗೂ ಹುಷಾರು ಅಂದೋರು ಯಾರು, ಅವರಿಗೊಂದು ನಮಸ್ಕಾರ ಹೇಳ್ಬೇಕು ಅಂತ."

ಅದನ್ನು ಹೇಳಲು ಪುಟ್ಟಿ ಬಿಸಿನೀರಿನ ಲೋಟ ಹಿಡಿದು ಅಮ್ಮನ ಪಕ್ಕ ಕೂತಳು. ಆ ಮನೆಯಲ್ಲಿ ಒಬ್ಬರಿಗೊಬ್ಬರು ಥ್ಯಾಂಕ್ಸ್ ಹೇಳುವ ರೂಢಿಯಿರಲಿಲ್ಲ. ಅವಳು ಹೇಳಿಯೇ ಬಿಟ್ಟಳು. "ನಿನ್ನಿಂದ ಉಳಿದ್ವಿ ಅಮ್ಮ. ಅವರೂ, ನಾನೂ. ಗೊತ್ತಿಲ್ಲದ ನಂಬರು, ಒಂದನ್ನೂ ಬಿಡದೆ ಹೇಗೆ ಎತ್ತಿದೆ?"

ಅಮ್ಮ ಒಂದು ಗುಟುಕು ಕುಡಿದು, ಇಲ್ಲದ ದನಿಯಲ್ಲಿ ಹೇಳಿದಳು.

"ಪ್ರತಿ ಸಲಾನೂ ನೀನೇ ಇರ್ಬೇಕು ಅಂತ ಎತ್ತಿದೆ."