ಹಿಂಬಾಗಿಲ ಬೀಗ

ಯಾರೋ ತಂದ ಹೂಗುಚ್ಛವನ್ನು ಲೊರೆಟಾ ಇಸಿದುಕೊಂಡು ಚರ್ಚಿನ ಕಿಟಕಿಯ ಬಳಿ ಇಟ್ಟಳು. ಹೂ ಬೇಡ, ಆ ದುಡ್ಡನ್ನು ಫಲಕದ ನಿಧಿಗೆ ಕೊಡಿ ಎಂದು ಅಮ್ಮ ವರ್ನಾ ತನ್ನ ಸಾವಿನ ಪ್ರಕಟಣೆಯಲ್ಲಿ ತಾನೇ ಬರೆದಿಟ್ಟು ಹೋಗಿದ್ದಳು.

“ಸತ್ತ ಮೇಲೂ ಚಂದಾ ಎತ್ತೋದು ಬಿಡ್ಲಿಲ್ಲ ನೋಡು ನಿಮ್ಮಮ್ಮ,” ಎಂದು ಚಿಕ್ಕಮ್ಮ ಓಪಲ್ ಮೂಗೊರೆಸಿಕೊಂಡಳು. “ನನ್ನ ಹತ್ರಾನೇ ಮೂರು ಸಲ ವಸೂಲಿ ಮಾಡಿದ್ಲು.”

ವರ್ನಾ ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದವಳು. ದಿನಾ ದಾಟುತ್ತಿದ್ದ ಖಾಲಿ ಜಾಗದಲ್ಲಿ ಹಿಂದೆ ಟೊಮೆಟೊ ಡಬ್ಬಿಗೆ ತುಂಬುವ ಕಾರ್ಖಾನೆಯಿತ್ತು. 1923ರ ಬೆಂಕಿಯಲ್ಲಿ ಅಲ್ಲಿ ಹನ್ನೊಂದು ಹೆಂಗಸರು ಸತ್ತರು. ಹಿಂಬಾಗಿಲಿಗೆ ಹೊರಗಿನಿಂದ ಬೀಗ ಹಾಕಿತ್ತೆಂದು ಕಿಟಕಿಯಿಂದ ಹಾರಿ ಉಳಿದ ಅವಳ ಅಜ್ಜಿ ಹೇಳುತ್ತಿದ್ದಳು. ಆ ಹೆಸರುಗಳ ಜೊತೆ ಬೀಗದ ಮಾತನ್ನೂ ಕೆತ್ತಿದ ಫಲಕವನ್ನು ಅಲ್ಲಿ ನಿಲ್ಲಿಸಬೇಕೆಂದು ವರ್ನಾ ಹೊರಟಿದ್ದಳು. ಆದರೆ ಅನುದಾನ ಕೊಡುವವರಿಗೆ ಅಜ್ಜಿಯ ಮಾತು ಸಾಲದು, ಆ ಕಾಲದ್ದೇ ಕಾಗದ ಬೇಕು. ಚಂದಾ ದುಡ್ಡು ಅರ್ಧಕ್ಕೂ ಬಂದಿರಲಿಲ್ಲ.

*

ಮೂರು ವರ್ಷದ ಹಿಂದೆ ಕಾರ್ಖಾನೆ ಮಾಲೀಕನ ಮೊಮ್ಮಗ ಡ್ವೈಟ್ ಕೆಸ್ಲರ್ ಚೆಕ್ಕು ಹಿಡಿದು ವರ್ನಾಳ ಅಡುಗೆಮನೆಗೆ ಬಂದಿದ್ದ.

“ಪೂರ್ತಿ ಖರ್ಚು ನಂದು, ವರ್ನಾ. ಬೀಗದ ಸಾಲೊಂದು ತೆಗೆದುಬಿಡಿ.”

“ಚೆಕ್ಕು ಜೇಬಲ್ಲಿಟ್ಕೊಂಡು ಕಾಫಿ ಕುಡೀರಿ. ನಿಮ್ಮಜ್ಜನ ಕಾಗದ ಪತ್ರ ಇದ್ರೆ ಅದನ್ನ ತನ್ನಿ.”

“ಅಂಥದ್ದೇನೂ ಇಲ್ಲ,” ಎಂದವನು ಕಾಫಿ ಮುಟ್ಟದೆ ಎದ್ದು ಹೋಗಿದ್ದ.

*

ಮಣ್ಣು ಮಾಡಿ ಬಂದು ಎಲ್ಲರೂ ಚರ್ಚಿನ ನೆಲಮಾಳಿಗೆಯಲ್ಲಿ ಊಟಕ್ಕೆ ಕೂತಿದ್ದರು. ಡ್ವೈಟ್ ಮೆಟ್ಟಿಲಿಳಿದು ಬಂದ.

“ಬಂದ್ನಪ್ಪ ಚೆಕ್ಕು ಹಿಡ್ಕೊಂಡು,” ಓಪಲ್ ಗೊಣಗಿದಳು. “ತಾಯಿ ಬಗ್ಗಲಿಲ್ಲ, ಈಗ ಮಗಳನ್ನ ಬಗ್ಗಿಸೋಕೆ.”

ಒಂದು ಸಾಲು ಹೋದರೆ ಹೋಗಲಿ, ಹನ್ನೊಂದು ಹೆಸರಾದರೂ ಉಳಿಯುತ್ತವಲ್ಲ ಎಂದು ಲೊರೆಟಾಗೆ ಬೆಳಿಗ್ಗೆಯಿಂದ ಅನ್ನಿಸುತ್ತಿತ್ತು. ಅನ್ನಿಸಿದ್ದಕ್ಕೆ ನಾಚಿಕೆಯೂ ಆಗಿತ್ತು.

“ಚೆಕ್ಕಲ್ಲಮ್ಮ,” ಎಂದು ಡ್ವೈಟ್ ಲೊರೆಟಾಗೆ ಲಕೋಟೆ ಕೊಟ್ಟ. ಒಳಗೆ ಅವನಜ್ಜ ವಿಮೆಯವರಿಗೆ ಬರೆದು ಕಳಿಸದೇ ಇಟ್ಟುಕೊಂಡ ಹಳದಿ ಕಾಗದವಿತ್ತು. ತಾರೀಖು, ಸಹಿ ಎಲ್ಲ ಇತ್ತು. ಹೆಂಗಸರು ಕೆಲಸದ ಹೊತ್ತಿನಲ್ಲಿ ಹೊರಗೆ ಹೋಗದಂತೆ ಹಿಂಬಾಗಿಲಿಗೆ ನಾನೇ ಬೀಗ ಹಾಕಿಸಿದ್ದೆ ಎಂದು ಅದರಲ್ಲಿ ಬರೆದಿತ್ತು.

“ಆವತ್ತೂ ಇದು ನನ್ನ ಹತ್ರಾನೇ ಇತ್ತು. ಇಲ್ಲ ಅಂದ್ಬಿಟ್ಟೆ.”

“ಅಮ್ಮ ಇದ್ದಾಗ ಕೊಡಬಹುದಿತ್ತಲ್ಲ ಡ್ವೈಟ್ ಅವರೇ?” ಲೊರೆಟಾ ಸಿಟ್ಟಿನಿಂದ ಕೇಳಿದಳು.

“ಕೊಡಬಹುದಿತ್ತು.”

ಅವನು ಟೋಪಿ ಕೈಯಲ್ಲಿ ಹಿಡಿದು ನಿಂತೇ ಇದ್ದ. ಯಾರೂ ಕೂತುಕೊಳ್ಳಿ ಅನ್ನಲಿಲ್ಲ. ಲೊರೆಟಾ ಕಾಗದವನ್ನು ಇನ್ನೊಂದು ಸಲ ಓದಿ, ಮಡಚಿದಳು. ಆಮೇಲೆ ಡ್ವೈಟ್‌ನ ಕಡೆ ನೋಡಿ, ಪಕ್ಕದ ಕುರ್ಚಿಯ ಮೇಲಿದ್ದ ತನ್ನ ಕೋಟನ್ನೆತ್ತಿ ತೊಡೆಯ ಮೇಲಿಟ್ಟುಕೊಂಡಳು.